ಹೊಸ್ತಿಲಿನೊಳಗಿನ ತುಕ್ಕು

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಮ್ಮಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಕಾರವಾರ, ಮಂಗಳೂರುಗಳ ಕಡಲಗಾಳಿಗೆ ಕಿಟಕಿಯ ಸರಳುಗಳು ಸವೆದು ಸಣ್ಣಗಾಗುವುದನ್ನು ಕಂಡವರಿಗೆ ಆ ವಿಷಯದಲ್ಲಿ ಉಪದೇಶ ಬೇಕಿಲ್ಲ. ಆದರೆ ಬಣ್ಣ ಬಳಿದುಕೊಂಡು ಥಳಥಳಿಸುತ್ತ ನಿಂತ ಒಂದು ವಾಹನದ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ, ಅದೇ ತುಕ್ಕು ಹತ್ತಾರು ವರ್ಷ ಸಂಸಾರ ಹೂಡಿರಬಹುದೆಂಬುದನ್ನು ನಾನು ಅರಿತದ್ದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ, ನನ್ನ ಸೋದರಳಿಯನ ಮನೆಯಂಗಳದಲ್ಲಿ.

ಅವನಲ್ಲಿರುವುದು 1972ನೆಯ ಇಸವಿಯ ಫೋಕ್ಸ್‌ವ್ಯಾಗನ್ ವ್ಯಾನು. ಒಳಗೆ ಮಡಿಸಿ ಹಾಸಬಹುದಾದ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಬೀರು. ತಲೆಯ ಮೇಲೆ ಕೊಡೆಯಂತೆ ಎತ್ತಿ ನಿಲ್ಲಿಸುವ ಛಾವಣಿ. ಒಂದು ಚಿಕ್ಕ ಸಂಸಾರ ಅದರಲ್ಲಿಯೇ ಉಂಡು ಮಲಗಿ ಊರೂರು ತಿರುಗಬಹುದು. ಇಂಥ ಬಂಡಿಗೆ ಕ್ಯಾಂಪರ್ ಎಂದು ಹೆಸರು. ಇದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ಒಂದು ಚಿತ್ರ ಗೀಚಿದ. ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಸರಕು. 1950ರ ಮಾರ್ಚಿಯಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗ್ ಕಾರ್ಖಾನೆಯಲ್ಲಿ ಆ ಚಿತ್ರ ಬಂಡಿಯಾಗಿ ಹೊರಬರತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯವರು ಅದರೊಳಗೆ ಇಡಲೆಂದು ಮಂಚ-ಬೀರುಗಳನ್ನು ಹೊಂದಿಸಿಕೊಟ್ಟರು. 1967ರಲ್ಲಿ ಇಬ್ಭಾಗವಾಗಿದ್ದ ಮುಂಗಾಜು ಹೋಗಿ ಅಖಂಡವಾದ ಬಾಗುಗಾಜು ಬಂದಿತು. ಬ್ರೆಜಿಲ್ ದೇಶದಲ್ಲಂತೂ 2013ರವರೆಗೂ ಈ ಬಂಡಿಗಳನ್ನು ತಯಾರಿಸುತ್ತಲೇ ಇದ್ದರು.

ನಮ್ಮ ಲಾರಿಗಳಿಗೆ ಇರುವಂತೆ ಕೆಳಗೊಂದು ಗಟ್ಟಿ ಅಡಿಪಾಯ, ಅದರ ಮೇಲೆ ಬೇರೆಯಾಗಿ ಕೂಡಿಸಿದ ಮೈ, ಎಂಬ ಏರ್ಪಾಡು ಇದರಲ್ಲಿಲ್ಲ. ನೆಲದ ತಗಡು, ಅದರಡಿಯ ಅಡ್ಡಪಟ್ಟಿಗಳು, ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಹೊಸ್ತಿಲು, ಇವೆಲ್ಲವನ್ನೂ ಒಂದಕ್ಕೊಂದು ಬೆಸೆದು, ಆ ಬೆಸುಗೆಯ ಬಲದಿಂದಲೇ ಇಡಿಯ ಬಂಡಿ ನಿಂತಿದೆ. ಆದುದರಿಂದ ಇಲ್ಲಿ ತಗಡೆಂದರೆ ಕೇವಲ ಅಂಗಿಯಲ್ಲ, ಎಲುಬು. ಈ ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಇನ್ನು ತುಕ್ಕಿನ ವಿಚಾರ. ಕಬ್ಬಿಣ ತುಕ್ಕಾಗಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಉಪ್ಪು ಕೂಡಿದರೆ ಕೆಲಸ ಬೇಗ ಸಾಗುತ್ತದೆ, ಏಕೆಂದರೆ ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ತುಕ್ಕು ಹಿಡಿಯುವುದೂ ಒಳಗಿಂದೊಳಗೆ ನಡೆಯುವ ಒಂದು ವಿದ್ಯುತ್ ವ್ಯಾಪಾರವೇ. ಇಂಗ್ಲೆಂಡಿನಲ್ಲಿ ಚಳಿಗಾಲದ ರಸ್ತೆಗಳಿಗೆ, ಹಿಮಗಟ್ಟದಿರಲೆಂದು, ಕಲ್ಲುಪ್ಪು ಎರಚುತ್ತಾರೆ. ಸ್ಟಾಕ್‌ಪೋರ್ಟಿಗೆ ಬಹು ದೂರವಲ್ಲದ ವಿನ್ಸ್‌ಫರ್ಡಿನಲ್ಲಿ 1844ರಲ್ಲಿ ಕಲ್ಲಿದ್ದಲು ಹುಡುಕಹೊರಟವರಿಗೆ ಉಪ್ಪಿನ ಹಾಸು ಸಿಕ್ಕಿತು. ಇಂದಿಗೂ ಅಲ್ಲಿನ ಗಣಿಯಿಂದ ರಸ್ತೆಗಳಿಗೆ ಉಪ್ಪು ಹೋಗುತ್ತಿದೆ. ಅಳಿಯನ ಬಂಡಿ ಅಂಥ ಎಷ್ಟೋ ಚಳಿಗಾಲಗಳ ಉಪ್ಪುಂಡದ್ದು. ಉಪ್ಪುಂಡ ಮನೆಗೆ ದ್ರೋಹ ಮಾಡಬಾರದೆನ್ನುತ್ತಾರೆ; ಕಬ್ಬಿಣಕ್ಕೆ ಆ ನೀತಿ ತಿಳಿಯದು.

ತುಕ್ಕಿಗೆ ಇನ್ನೂ ಒಂದು ದುರ್ಗುಣವಿದೆ. ಅಲ್ಯುಮಿನಿಯಂ ಲೋಹ ಗಾಳಿ ಸೋಕಿ ಮಂಕಾದರೆ ಆ ಮಂಕೇ ಅದಕ್ಕೆ ರಕ್ಷೆ. ಕಬ್ಬಿಣದ ತುಕ್ಕಾದರೋ ಸಡಿಲವಾದ ಪುಡಿ. ನೀರನ್ನು ಹೀರಿಕೊಂಡು ಒಳಗಿನ ಲೋಹಕ್ಕೆ ಉಣಿಸುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನೂ ಬೇಡುತ್ತದೆ. ಆದ್ದರಿಂದಲೇ ಎರಡು ತಗಡುಗಳ ಸಂದಿಯಲ್ಲಿ ಹುಟ್ಟಿದ ತುಕ್ಕು ಅವೆರಡನ್ನೂ ದೂಡಿ ಬೇರ್ಪಡಿಸುತ್ತದೆ, ಬಣ್ಣವನ್ನು ಬೊಕ್ಕೆಯಂತೆ ಉಬ್ಬಿಸುತ್ತದೆ. ಹೊರಗೆ ಬೊಕ್ಕೆ ಕಂಡ ದಿನ ರೋಗದ ಮೊದಲ ದಿನವೆಂದು ನಾವು ತಿಳಿಯುತ್ತೇವೆ. ಹುಳುಕು ಹಲ್ಲು ನೋಯತೊಡಗಿದ ದಿನವನ್ನು ಹುಳುಕಿನ ಮೊದಲ ದಿನವೆಂದು ತಿಳಿದಂತೆ.

ಅಳಿಯನೂ ಹಾಗೆಯೇ ತಿಳಿದಿದ್ದ. ಎಡಬದಿಯ ಮುಂಬಾಗಿಲ ಕೆಳಗೆ, ಹೊಸ್ತಿಲಿನ ತುದಿಯಲ್ಲಿ, ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ಬೊಕ್ಕೆಗಳು ಎದ್ದಿದ್ದವು.

“ಇದೇನೂ ದೊಡ್ಡದಲ್ಲ, ಮಾವ. ಉಜ್ಜಿ ಬಣ್ಣ ಹಚ್ಚಿದರೆ ಒಂದು ಭಾನುವಾರದ ಕೆಲಸ. ನೀವು ಇರುವಾಗಲೇ ಮುಗಿಸಿ ಎಲ್ಲರೂ ಸ್ಕಾಟ್ಲೆಂಡಿಗೆ ಹೋಗಿ ಬರೋಣ” ಎಂದ.

ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದಾರೆ. ಒಂದು ಕಾಲಕ್ಕೆ ಬಸ್ಸಿನ ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿದ್ದವರು. ನಮ್ಮ ಊರಿನ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವರಲ್ಲ, ಆ ಕೆಲಸ. ಅವರು ಬೇಲಿಯಾಚೆಯಿಂದ ಬಂದು, ಏನೊಂದೂ ಆಡದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಹೊಸ್ತಿಲನ್ನು ಉದ್ದಕ್ಕೂ ತಟ್ಟುತ್ತ ನಡೆದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬಡಿದು ನೋಡುವ ರೀತಿಯಲ್ಲಿಯೇ. ಮೊದಲು ಟಣ್ ಟಣ್ ಎಂದ ಸದ್ದು ಬಾಗಿಲ ಕಂಬದ ಬಳಿ ಬಂದೊಡನೆ ದಬ್ ಎಂದಿತು. ಆಗ ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು.

ಆ ದಿನ ಸಂಜೆಯೊಳಗೆ ಹೊರಗಿನ ತಗಡನ್ನು ಕತ್ತರಿಸಿ ತೆಗೆದಾಯಿತು. ಒಳಗೆ ಏನಿತ್ತೆಂದು ಊಹಿಸಬಲ್ಲಿರಾ? ವೃತ್ತಪತ್ರಿಕೆ! ಹಿಂದಿನ ಮಾಲಿಕನೊಬ್ಬ ತೂತಿನೊಳಗೆ ಪತ್ರಿಕೆಯನ್ನು ಮುದ್ದೆಮಾಡಿ ತುರುಕಿ, ಮೇಲೆ ಪುಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ, ಬಣ್ಣ ಬಳಿದಿದ್ದ. ಒದ್ದೆಯಾಗಿ ಕಪ್ಪಿಟ್ಟ ಆ ಕಾಗದದ ಮೇಲೆ 1991 ಎಂಬ ಇಸವಿ ಇನ್ನೂ ಓದಿಸಿಕೊಳ್ಳುತ್ತಿತ್ತು. ಅಷ್ಟು ವರ್ಷ ಅದು ನೀರನ್ನು ಹೀರಿ ಹಿಡಿದುಕೊಂಡು ಕುಳಿತಿತ್ತು. ಈ ಬಂಡಿಯ ಹೊಸ್ತಿಲಿನಲ್ಲಿ ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ತಗಡುಗಳಿವೆ. ನಡುವಿನದು ಒಂದು ಮೊಳದಷ್ಟು ಉದ್ದಕ್ಕೆ ಇರಲೇ ಇಲ್ಲ. ಬಾಗಿಲ ಕಂಬದ ಬುಡ ಹಪ್ಪಳದಂತೆ ಕೈಗೆ ಬಂದಿತು.

ಆ ಕಂಬಕ್ಕೆಯೇ ಮುಂದಿನ ಆಸನದ ಸುರಕ್ಷಾ ಪಟ್ಟಿಯನ್ನು ಕಟ್ಟಿರುವುದು. ಆ ಆಸನದಲ್ಲಿ ಕೂರುವವಳು ಅಳಿಯನ ಹನ್ನೆರಡು ವರ್ಷದ ಮಗಳು. ಅವಳು ಅಲ್ಲಿಯೇ ನಿಂತು ನೋಡುತ್ತಿದ್ದಳು. ಅಳಿಯ ಒಂದು ನಿಮಿಷ ಮಾತನಾಡಲಿಲ್ಲ. ಹಿಂದಿನ ಬೇಸಗೆಯಲ್ಲಿ ಅದೇ ಬಂಡಿಯಲ್ಲಿ ಅವಳನ್ನು ಕೂಡಿಸಿಕೊಂಡು ಅವನು ವೇಲ್ಸ್ ಪ್ರಾಂತವನ್ನೆಲ್ಲ ಸುತ್ತಿ ಬಂದಿದ್ದ.

ಸರಕಾರದ ತಪಾಸಣೆಯಲ್ಲಿ ಇದು ಸಿಕ್ಕಿಬೀಳಲಿಲ್ಲವೆ ಎಂದು ನಾನು ಕೇಳಿದೆ. ಬ್ರಿಟನ್ನಿನಲ್ಲಿ 1960ರಿಂದಲೂ ಹಳೆಯ ವಾಹನಗಳಿಗೆ ಕ್ರಮವಾಗಿ ತಪಾಸಣೆಯುಂಟು. ಆಸನದ ಪಟ್ಟಿ ಕಟ್ಟಿದ ಜಾಗದಿಂದ 30 ಸೆಂಟಿಮೀಟರಿನೊಳಗೆ ಲೋಹ ತುಕ್ಕಿನಿಂದ ಬಲಗುಂದಿದ್ದರೆ ಬಂಡಿ ತೇರ್ಗಡೆಯಾಗದು. ಆದರೆ 2018ರ ಮೇ ತಿಂಗಳಿನಿಂದ, ಹೆಚ್ಚು ಮಾರ್ಪಾಟಾಗದ, ನಲವತ್ತು ವರ್ಷ ದಾಟಿದ ವಾಹನಗಳಿಗೆ ಈ ತಪಾಸಣೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಬಂಡಿ ಸುಸ್ಥಿತಿಯಲ್ಲಿರಬೇಕಾದ ಹೊಣೆ ಮಾತ್ರ ಮಾಲಿಕನದೇ. ಸರಕಾರ ಬಿಟ್ಟರೂ ತುಕ್ಕು ಬಿಟ್ಟಿರಲಿಲ್ಲ.

ಸ್ಕಾಟ್ಲೆಂಡ್ ಹೋಯಿತು. ಒಂದು ಭಾನುವಾರದ ಕೆಲಸ ಏಳು ವಾರ ಹಿಡಿಯಿತು. ಅದನ್ನು ಕಂಡು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳೆಯ ಕಾರನ್ನೋ ಜೀಪನ್ನೋ ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿಯೂ ಇದ್ದಾರೆ.

ಮೊದಲನೆಯ ಮಾತು: ಹೊಸ್ತಿಲನ್ನು ಕತ್ತರಿಸುವ ಮೊದಲು ಬಂಡಿಗೆ ಊರುಗೋಲು ಕೊಡಬೇಕು. ನೆಲದ ಭಾರವನ್ನು ಹೊತ್ತ ತಗಡನ್ನೇ ತೆಗೆಯುವುದರಿಂದ ಬಂಡಿಯ ನಡು ಬಾಗಬಹುದು. ಹಾಗೆ ಬಾಗಿದ ಸ್ಥಿತಿಯಲ್ಲಿ ಹೊಸ ತಗಡು ಬೆಸೆದರೆ ಬಾಗಿಲು ಆಮೇಲೆ ಎಂದೆಂದಿಗೂ ಸರಿಯಾಗಿ ಮುಚ್ಚದು. ವೃದ್ಧರು ಬಾಗಿಲಿನ ಚೌಕಟ್ಟಿಗೆ ಅಡ್ಡವಾಗಿ ಎರಡು ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆಸಿದರು. ಒಮ್ಮೆಗೆ ಒಂದೇ ಬದಿ, ಒಮ್ಮೆಗೆ ಒಂದೇ ತಗಡು ಎಂಬುದು ಅವರ ಕಟ್ಟಪ್ಪಣೆ. ಪ್ರತಿಯೊಂದು ತುಂಡು ಕೂಡಿಸಿದ ಮೇಲೂ ಬಾಗಿಲನ್ನು ತೂಗುಹಾಕಿ, ಮುಚ್ಚಿ, ಸಂದು ಸಮನಾಗಿದೆಯೇ ಎಂದು ನೋಡಿಸುತ್ತಿದ್ದರು. ಅಳಿಯನಿಗೆ ಇದು ಅತಿರೇಕವೆನಿಸಿತ್ತು. ಮೂರನೆಯ ವಾರ ಒಂದು ಸಂದು ಬೆರಳಗಲವಾದಾಗ ಸುಮ್ಮನಾದ.

ಎರಡನೆಯದು ಬೆಂಕಿಯ ಮಾತು. ಬ್ಯಾಟರಿಯ ತಂತಿಗಳನ್ನು ಕಳಚಿ, ಎಂಜಿನನ್ನು ಇಳಿಸಿ, ಪೆಟ್ರೋಲ್ ಟ್ಯಾಂಕನ್ನು ಹೊರತೆಗೆದು ದೂರ ಇಟ್ಟಿದ್ದರು. ಬರಿದಾದ ಟ್ಯಾಂಕು ಅಪಾಯವಿಲ್ಲದ್ದೆಂದು ಯಾರೂ ಭಾವಿಸಬಾರದು. ಉಳಿದ ಆವಿ ಗಾಳಿಯೊಡನೆ ಬೆರೆತು ಸಿಡಿಯಬಲ್ಲುದು. ಇಷ್ಟೆಲ್ಲ ಜಾಗರೂಕತೆಯಿದ್ದರೂ ಒಂದು ಮಧ್ಯಾಹ್ನ ನೆಲದಡಿ ಬಳಿದಿದ್ದ ಹಳೆಯ ಡಾಂಬರಿನಂಥ ಲೇಪ ಹೊತ್ತಿಕೊಂಡಿತು. ಬೆಸುಗೆಗಾರ ಮುಖವಾಡ ತೊಟ್ಟಿರುತ್ತಾನೆ. ತನ್ನ ಕಿಡಿಯ ಹೊರತು ಅವನಿಗೆ ಬೇರೇನೂ ಕಾಣದು. ಬಕೆಟ್ಟು ಹಿಡಿದು ಕಾವಲು ಕುಳಿತಿದ್ದ ಮಗಳು ಕೂಗಿದ್ದರಿಂದ ಬಚಾವಾಯಿತು. ಒಬ್ಬನೇ ಇರುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಬಂಡಿಯನ್ನು ಬಿಟ್ಟು ಹೋಗಬೇಡಿ.

ತೇಪೆಗೆ ಅಳತೆಯ ಕಾಗದ ಬೇಕು. ಅಳಿಯ ಮನೆಯಲ್ಲಿ ಹುಡುಕಿ, ಬೆಂಗಳೂರಿನಿಂದ ಬಂದಿದ್ದ ಹಳೆಯ ಮದುವೆಯ ಕರೆಯೋಲೆಗಳನ್ನು ತಂದ. ಆ ದಪ್ಪ ರಟ್ಟಿನಷ್ಟು ಒಳ್ಳೆಯ ಮಾದರಿ ಬೇರೆ ಸಿಗದು. ಬಾಗಿಸಿದಂತೆ ಬಾಗಿ ನಿಲ್ಲುತ್ತದೆ. ಕರೆಯೋಲೆಯನ್ನು ತೂತಿಗೆ ಹೊಂದುವಂತೆ ಕತ್ತರಿಸಿ, ಅದನ್ನು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ ಬಡಿದು ಬಾಗಿಸುವುದು. ಉದ್ದನೆಯ ಹೊಸ್ತಿಲಿನ ತಗಡುಗಳು ಸಿದ್ಧವಾಗಿಯೇ ಮಾರಾಟಕ್ಕಿವೆ. ಮೂಲೆಮುಡುಕಿನ ತುಂಡುಗಳನ್ನು ಮಾತ್ರ ಹೀಗೆ ಮಾಡಿಕೊಳ್ಳಬೇಕು.

ಹಳೆಯ ತಗಡನ್ನು ಎಲ್ಲಿಯವರೆಗೆ ಕತ್ತರಿಸಬೇಕು? ಬಿಳಿಯ ಲೋಹ ಕಾಣುವವರೆಗೆ. ಇದರಲ್ಲಿ ಜಿಪುಣತನ ಮಾಡಿದರೆ ಬೆಸುಗೆ ನಿಲ್ಲುವುದೇ ಇಲ್ಲ. ಸವೆದ ತಗಡು ಕಿಡಿ ಸೋಕಿದೊಡನೆ ಕರಗಿ ತೂತು ಇನ್ನಷ್ಟು ಹಿಗ್ಗುತ್ತದೆ. ಅಳಿಯನ ಮೊದಲ ವಾರದ ಬೆಸುಗೆಗಳೆಲ್ಲ ಹೀಗೆ ದೋಸೆಯ ಕಣ್ಣುಗಳಂತೆ ಆದವು. 0.6 ಮಿಲಿಮೀಟರ್ ತಂತಿ, ಆರ್ಗಾನ್ ಬೆರೆತ ಅನಿಲ, ಕಡಿಮೆ ವಿದ್ಯುತ್ತು, ಎಲ್ಲವೂ ಸರಿಯಾಗಿಯೇ ಇತ್ತು. ಕೈಗೆ ಮಾತ್ರ ಅವಸರ. ತಗಡು ಬಿಸಿಯಾದರೆ ಸೊಟ್ಟಗಾಗುತ್ತದೆ. ಆದಕಾರಣ ಒಂದು ತುದಿಯಲ್ಲಿ ಒಂದು ಚುಕ್ಕೆ, ಇನ್ನೊಂದು ತುದಿಯಲ್ಲಿ ಒಂದು ಚುಕ್ಕೆ, ನಡುವೆ ಒಂದು, ಎಂದು ರವಿಕೆಗೆ ಕಚ್ಚಾ ಹೊಲಿಗೆ ಹಾಕುವಂತೆ ಹಾಕುತ್ತ, ನಡುನಡುವೆ ಆರಲು ಬಿಡುತ್ತ, ಕೊನೆಗೆ ಚುಕ್ಕೆಗಳೆಲ್ಲ ಕೂಡಿ ಒಂದೇ ಗೆರೆಯಾಗಬೇಕು. ಸಣ್ಣ ತೂತಿನ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತು ತುಂಬಿಕೊಳ್ಳುತ್ತದೆ. ಕರಗಿದ ಉಕ್ಕು ತಾಮ್ರಕ್ಕೆ ಅಂಟದು.

ಎಲ್ಲಿ ಕತ್ತರಿಸಲು ಬಾರದೋ ಅಲ್ಲಿ ತುಕ್ಕನ್ನು ಮಾರ್ಪಡಿಸುವ ದ್ರಾವಣ ಬಳಿಯುತ್ತಾರೆ. ಕೆಲವು ದ್ರಾವಣಗಳಲ್ಲಿರುವುದು ಟ್ಯಾನಿಕ್ ಆಮ್ಲ. ಕೆಂಪು ತುಕ್ಕಿನ ಮೇಲೆ ಅದನ್ನು ಬಳಿದರೆ ಸ್ವಲ್ಪ ಹೊತ್ತಿನಲ್ಲಿ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ. ನನಗೆ ಇದು ಎಲ್ಲಿಯೋ ಕಂಡ ಬಣ್ಣವೆನಿಸಿತು. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ! ಕಾಯಿಯ ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು. ಲೆಕ್ಕದ ಪುಸ್ತಕ ಬರೆದ ಶಾಯಿ ಇಲ್ಲಿ ತುಕ್ಕಿನ ಬಾಯಿ ಕಟ್ಟುತ್ತದೆ. ಆದರೆ ಈ ದ್ರಾವಣಗಳ ಮೇಲೆ ನನಗೆ ಹೆಚ್ಚಿನ ಭಕ್ತಿಯಿಲ್ಲ. ಮೇಲ್ಮೈಯ ತೆಳು ತುಕ್ಕಿಗೆ ಅವು ಸರಿ. ಹೋದ ಲೋಹವನ್ನು ಅವು ಮರಳಿ ತಾರವು.

ಪುಟ್ಟಿಯ ಮೇಲೆ ನನಗೆ ದ್ವೇಷವೂ ಇಲ್ಲ. ಗಟ್ಟಿ ಲೋಹದ ಮೇಲೆ, ಎರಡು ಮೂರು ಮಿಲಿಮೀಟರಿಗೆ ಮೀರದಂತೆ, ತಗ್ಗುದಿಣ್ಣೆ ಸಮಮಾಡಲು ಅದು ಬೇಕೇ ಬೇಕು. ತೂತಿಗೆ ಬಾಗಿಲಾಗಿ ಬಳಸಿದಾಗ ಅದು ಮೋಸ. ಹಳೆಯ ಬಂಡಿ ಕೊಳ್ಳುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಲಿ. ದಪ್ಪ ಪುಟ್ಟಿಯಿರುವಲ್ಲಿ ಅದು ಕಚ್ಚದು.

ಬಣ್ಣದ ವಿಷಯವನ್ನು ಬೆಳೆಸುವುದಿಲ್ಲ. ಬರಿಯ ಲೋಹವನ್ನು ರಾತ್ರಿಯಿಡೀ ಬಿಡದೆ ಪ್ರೈಮರ್ ಹಚ್ಚಬೇಕು. ಐಸೊಸಯನೇಟ್ ಇರುವ ಗಟ್ಟಿ ಬಣ್ಣಗಳನ್ನು ಮನೆಯಲ್ಲಿ ಸಿಂಪಡಿಸಬಾರದು. ಅವು ಶ್ವಾಸಕೋಶಕ್ಕೆ ವಿಷ, ಸಾಮಾನ್ಯ ಬಟ್ಟೆಯ ಮುಖಪಟ್ಟಿ ತಡೆಯದು. ಅಳಿಯ ಸಾಧಾರಣ ಎನಾಮೆಲ್ ಬಣ್ಣವನ್ನು ಕುಂಚದಿಂದಲೇ ಹಚ್ಚಿದ. ಹತ್ತಿರ ಹೋದರೆ ಕುಂಚದ ಗೆರೆ ಕಾಣುತ್ತದೆ. ಕಾಣಲಿ.

ಕೊನೆಯ ಕೆಲಸ ಹೊರಗಿನವರಿಗೆ ಕಾಣದ್ದು. ಹೊಸ್ತಿಲಿನ ಟೊಳ್ಳಿನೊಳಗೆ ಉದ್ದನೆಯ ನಳಿಕೆ ತೂರಿಸಿ ಬಿಸಿಮಾಡಿದ ಮೇಣವನ್ನು ಸಿಂಪಡಿಸಿದರು. ಅದು ಸಂದುಗಳಲ್ಲೆಲ್ಲ ಇಳಿದು ನೆಲೆನಿಲ್ಲುತ್ತದೆ. ಮೇಣವೇ ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಿಬಿಟ್ಟಿರಲಾಗಿ, ವೃದ್ಧರು ಮರುದಿನ ತಂತಿ ಹಿಡಿದು ಬಂದು ಒಂದೊಂದನ್ನೂ ತೆರೆದು ಹೋದರು.

ಆಗಸ್ಟಿನ ಕೊನೆಯಲ್ಲಿ ಅಳಿಯ, ಕಾನೂನು ಕೇಳದಿದ್ದರೂ, ಬಂಡಿಯನ್ನು ತಪಾಸಣೆಗೆ ಒಯ್ದ. ನಾನೂ ಜೊತೆಗೆ ಹೋಗಿದ್ದೆ. ಪರೀಕ್ಷಕರು ಅಡಿಯಲ್ಲಿ ನಿಂತು, ಸಣ್ಣ ಸಾಧನವೊಂದರಿಂದ ಹೊಸ್ತಿಲನ್ನು ತಟ್ಟುತ್ತ ನಡೆದರು. ಬಾಗಿಲ ಕಂಬದ ಬಳಿ ಬಂದಾಗ ಅಳಿಯ ನನ್ನ ತೋಳು ಹಿಡಿದುಕೊಂಡ. ಟಣ್ ಎಂದಿತು. ಬೆಸುಗೆಯ ಗೆರೆ ಎಲ್ಲಿಯೂ ಕಡಿಯದೆ ಓಡಿದೆಯೇ ಎಂದು ದೀಪ ಹಿಡಿದು ನೋಡಿ, ಬಂಡಿಯನ್ನು ತೇರ್ಗಡೆ ಮಾಡಿದರು. ಚೀಟಿಯ ಕೆಳಗೆ ಒಂದು ಸೂಚನೆಯನ್ನೂ ಬರೆದಿದ್ದರು: ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆಗೆ ತುಕ್ಕು ಹಿಡಿದಿದೆ, ಗಮನವಿರಲಿ.

ಮನೆಗೆ ಬಂದೊಡನೆ ಅಳಿಯ ಅದನ್ನು ಮಗಳಿಗೆ ಓದಿಹೇಳಿದ. ಅವಳು ಚೀಟಿಯನ್ನು ಒಮ್ಮೆ ನೋಡಿ, ಬಕೆಟ್ಟನ್ನು ತೊಳೆದು ಬಂಡಿಯ ಪಕ್ಕದಲ್ಲಿ ಮಗುಚಿಟ್ಟಳು.