ದೊಡ್ಡವ್ವನ ಓಟು ಮತ್ತು ಭಾನುವಾರದ ಎರಡು ತಾಸು

2024ರ ನವೆಂಬರ್ 13ರಂದು ಶಿಗ್ಗಾಂವ ಕ್ಷೇತ್ರದ ಉಪಚುನಾವಣೆ ನಡೆಯಿತು. ಅದಾದ ಮೇಲಿನ ಭಾನುವಾರ ನಾನು ಹುಬ್ಬಳ್ಳಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ದೊಡ್ಡವ್ವನ ಎದುರು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದೆ. ಮಾತು ಶುರುವಾಗಿದ್ದೇ ಹೀಗೆ: "ನಂದು ಓಟು ಯಾರರೆ ಹಾಕಿದ್ರೇನೋ ತಮ್ಮಾ?"

ಇಲ್ಲ ಅಂದೆ. ದೊಡ್ಡವ್ವ ನಕ್ಕು, "ಅಂದ್ರ ಈ ಸಲ ಅಲ್ಲಿ ನಾ ಇಲ್ಲ ಅಂದಂಗಾತು" ಅಂದಳು.

ಅವಳಿಗೆ 78. ಹೆಸರು ಈಗಲೂ ಶಿಗ್ಗಾಂವ ತಾಲೂಕಿನ ಹಳ್ಳಿಯ ಮತದಾರರ ಪಟ್ಟಿಯಲ್ಲೇ ಇದೆ. ಮನೆಯಿಂದಲೇ ಮತ ಹಾಕುವ ಅವಕಾಶ ಇರುವುದು 85 ದಾಟಿದವರಿಗೆ. ಆ ಚುನಾವಣೆಗೆ ಬೆಂಗಳೂರಿನಿಂದ ಹುಡುಗರು ರಾತ್ರಿ ಬಸ್ ಹತ್ತಿ ಊರಿಗೆ ಬಂದರು. ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದ ದೊಡ್ಡವ್ವನನ್ನು ಕರೆದುಕೊಂಡು ಹೋಗಬೇಕು ಅಂತ ಮನೆಯವರಾದ ನಮಗೂ ಹೊಳೆಯಲಿಲ್ಲ. ವರದಿ ಮಾಡಲು ಅದೇ ಕ್ಷೇತ್ರ ಸುತ್ತಿದ ನನಗಂತೂ ಖಂಡಿತ ಹೊಳೆಯಲಿಲ್ಲ.

ಅವಳು ಆಶ್ರಮ ಸೇರಿದ್ದು ಹೇಗೆ ಅನ್ನುವ ಕಥೆ ಸಿನಿಮಾದಂತಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದಳು, ತೊಡೆ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆದ ಮೇಲೆ ವಾಕರ್ ಹಿಡಿದು ನಡೆಯುತ್ತಾಳೆ, ಆದರೆ ಏಳಲು ಕೂರಲು ಯಾರಾದರೂ ಬೇಕು. ಒಬ್ಬ ಮಗ ಪುಣೆಯ ಫ್ಯಾಕ್ಟರಿಯಲ್ಲಿ, ಶಿಫ್ಟ್ ಕೆಲಸ. ಇನ್ನೊಬ್ಬ ಊರಲ್ಲೇ ಇದ್ದಾನೆ, ಮಳೆ ನಂಬಿದ ಮೂರು ಎಕರೆ ಅವನದು. ಒಂದೂವರೆ ವರ್ಷ ಎಬ್ಬಿಸಿ, ಮೀಸಿ, ಉಣ್ಣಿಸಿದವಳು ಸೊಸೆ, ಅಂದರೆ ನಮ್ಮ ವೈನಿ. ಕೂಲಿ ಬಿಟ್ಟಳು, ಕೊನೆಗೆ ಅವಳ ಸೊಂಟವೇ ಹೋಯಿತು. ಆಶ್ರಮಕ್ಕೆ ಸೇರಿಸಿದ ದಿನ ಓಣಿಯವರು ಹೇಳಿದ್ದು ಒಂದೇ ಮಾತು: "ಸೊಸಿ ನೋಡ್ಲಿಲ್ಲ."

ನಮ್ಮಲ್ಲಿ ವೃದ್ಧಾಶ್ರಮದ ಚರ್ಚೆ ಬಹುತೇಕ ಮುಗಿಯುವುದೇ ಈ ಸಾಲಿನಲ್ಲಿ. ಮಕ್ಕಳಿಗೆ ಸಂಸ್ಕಾರ ಇಲ್ಲ, ಪಾಶ್ಚಾತ್ಯ ಪ್ರಭಾವ, ಇತ್ಯಾದಿ. ಪುಕ್ಕಟೆ ದುಡಿದ ಹೆಂಗಸಿನ ಸೊಂಟದ ಲೆಕ್ಕ ಯಾರೂ ಹಾಕುವುದಿಲ್ಲ. ಸರ್ಕಾರ ಎಲ್ಲಿತ್ತು ಅಂತಲೂ ಕೇಳುವುದಿಲ್ಲ.

ಸರ್ಕಾರದ ಬಳಿ ಕಾನೂನು ಇದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಬೀದಿಪಾಲು ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು 23ನೇ ಕಲಮಿನಡಿ ವಾಪಸ್ ಪಡೆಯಬಹುದು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಗನಿಗೆ ಕೊಟ್ಟ ದಾನಪತ್ರ ರದ್ದು ಮಾಡಿ, ಆಸ್ತಿಯ ಸ್ವಾಧೀನವನ್ನು ತಾಯಿಗೆ ಮರಳಿ ಕೊಡಿಸಿತು. ಒಳ್ಳೆಯ ತೀರ್ಪೇ.

ಆದರೆ ಗಮನಿಸಿ, ಇದೆಲ್ಲ ದುಡ್ಡು, ಆಸ್ತಿ ಮತ್ತು ಶಿಕ್ಷೆಯ ಭಾಷೆ. ಮಕ್ಕಳು ಕೆಟ್ಟವರಾದರೆ ಏನು ಮಾಡಬೇಕು ಅಂತ ಕಾನೂನಿಗೆ ಗೊತ್ತು. ಮಕ್ಕಳು ಕೆಟ್ಟವರಲ್ಲ, ಬಡವರು ಅಥವಾ ದೂರ ಇರುವವರು ಅಂದಾಗ ಅದರ ದನಿ ತಗ್ಗುತ್ತದೆ. 19ನೇ ಕಲಂ ನೋಡಿ: ರಾಜ್ಯ ಸರ್ಕಾರ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮ ಸ್ಥಾಪಿಸ"ಬಹುದು". ಸ್ಥಾಪಿಸ"ಬೇಕು" ಅಲ್ಲ. ಅದೇ ಕಲಂ ಆಶ್ರಮಗಳಿಗೆ ವೈದ್ಯಕೀಯ ಸೇವೆ, ಮನರಂಜನೆಯ ಮಾನದಂಡವನ್ನು ಸರ್ಕಾರ ನಿಗದಿ ಮಾಡಬಹುದು ಅನ್ನುತ್ತದೆ. ಮನೆಯವರ ಭೇಟಿಯ ಬಗ್ಗೆ ಅಲ್ಲಿ ಒಂದು ಪದವೂ ಇಲ್ಲ.

ಭೇಟಿ ಅಂದರೆ ಭಾವನೆಯ ವಿಷಯ, ಅದಕ್ಕೂ ಕಾನೂನು ಬೇಕಾ ಅಂತ ನೀವು ಕೇಳಬಹುದು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನ್ನ ಭಾಷೆಯಲ್ಲಿ ಹೇಳುತ್ತೇನೆ: ಮಾನಿಟರಿಂಗ್ ಇಲ್ಲದ ಸಿಸ್ಟಂ ಕೆಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಉಗುರು ಕತ್ತರಿಸಿದ್ದಾರಾ, ಬೆನ್ನಲ್ಲಿ ಹುಣ್ಣಾಗಿದೆಯಾ, ಗುಳಿಗೆ ಮುಗಿದಿದೆಯಾ, ಯಾರಾದರೂ ಗದರಿಸುತ್ತಾರಾ? ಇದನ್ನು ನೋಡುವ ಕಣ್ಣು ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರ್‌ದಲ್ಲ. ಅದು ತಿಂಗಳಿಗೊಮ್ಮೆ ಉಂಡಿ, ಚಕ್ಕುಲಿ ಕಟ್ಟಿಕೊಂಡು ಬರುವ ಮಗಳದು. ಯಾರೂ ನೋಡಲು ಬರದ ಮುದುಕಿಗೆ ಆಶ್ರಮದ ಒಳಗೆ ಬೆಲೆ ಕಮ್ಮಿ. ಇದು ಅಲ್ಲಿರುವ ಎಲ್ಲರಿಗೂ ಗೊತ್ತು.

ದೊಡ್ಡವ್ವನ ಆಶ್ರಮದ ನಿಯಮ ಹೀಗಿದೆ: ಭಾನುವಾರ ಬೆಳಿಗ್ಗೆ 10ರಿಂದ 12. ಹಿಂದಿನ ದಿನವೇ ಫೋನ್ ಮಾಡಬೇಕು. ಕೂರಬೇಕಾದ್ದು ಆಫೀಸಿನ ಮುಂದಿನ ಪಡಸಾಲೆಯಲ್ಲಿ, ಮ್ಯಾನೇಜರ್ ಕಿವಿಗೆ ಬೀಳುವಷ್ಟು ಹತ್ತಿರ. "ಊಟ ಛಲೋ ಐತೇನವ್ವಾ?" ಅಂತ ಕೇಳಿದರೆ ದೊಡ್ಡವ್ವ ಮೊದಲು ಬಾಗಿಲ ಕಡೆ ನೋಡುತ್ತಾಳೆ, ಆಮೇಲೆ "ಐತಿ" ಅನ್ನುತ್ತಾಳೆ. ಅಲ್ಲಿ ಏನೋ ಕೆಟ್ಟದು ನಡೀತಿದೆ ಅಂತ ನಾನು ಹೇಳುತ್ತಿಲ್ಲ. ಇದ್ದರೂ ನನಗೆ ಗೊತ್ತಾಗುವ ದಾರಿ ಇಲ್ಲ ಅನ್ನುವುದು ನನ್ನ ತಕರಾರು.

ಈ ಎರಡು ತಾಸಿಗೆ ಬೆಲೆಯೂ ಇದೆ. ವೈನಿ ಹಳ್ಳಿಯಿಂದ ಶಿಗ್ಗಾಂವ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಸಿಟಿ ಬಸ್ ಹಿಡಿದು ಬರಬೇಕು. ಒಂದು ಬಸ್ ತಪ್ಪಿದರೆ ಭೇಟಿಯೂ ತಪ್ಪಿದಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಅದಾದ ಮೇಲೆ ಅವಳಿಗೆ ಟಿಕೆಟ್ ಖರ್ಚಿಲ್ಲ. "ಬಿಟ್ಟಿ ಭಾಗ್ಯ" ಅಂತ ಗೇಲಿ ಮಾಡುವವರಿಗೆ ಇದೊಂದು ಉದಾಹರಣೆ ಇರಲಿ: ನಮ್ಮ ಮನೆಯಲ್ಲಿ ದೊಡ್ಡವ್ವನನ್ನು ಅತಿ ಹೆಚ್ಚು ಸಲ ನೋಡಿ ಬಂದವಳು, ಊರು "ನೋಡ್ಲಿಲ್ಲ" ಅಂದ ಅದೇ ಸೊಸೆ.

ಇನ್ನು ದೊಡ್ಡವ್ವನ ಕೈಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ 1,000ದಿಂದ 1,200ಕ್ಕೆ ಏರಿಸಿದರು. ಅವರು ಆಗ ಶಿಗ್ಗಾಂವದ ಶಾಸಕರೇ ಆಗಿದ್ದರು. ಈ ದುಡ್ಡಲ್ಲಿ ಗುಳಿಗೆ ಬರಬಹುದು, ಆರೈಕೆ ಬರುವುದಿಲ್ಲ.

2025ರಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟು ಹೋದ ಸುದ್ದಿ ಬಂತು. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥ ಮಕ್ಕಳ ಮೇಲೆ ದೂರು ದಾಖಲಿಸಿ, ಅವರ ಹೆಸರಿಗೆ ಮಾಡಿದ ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದು ಸೂಚಿಸಿದರು. ಬಿಟ್ಟು ಓಡಿದವರಿಗೆ ಶಿಕ್ಷೆ ಆಗಲಿ. ಆದರೆ ಆಸ್ಪತ್ರೆಯ ಮಂಚವೇ ಕೊನೆಯ ವೃದ್ಧಾಶ್ರಮ ಆಗಿಬಿಟ್ಟಿದ್ದರೆ, ಅದಕ್ಕೂ ಮುಂಚೆ ಬೇರೆ ಯಾವ ಬಾಗಿಲು ತೆರೆದಿತ್ತು ಅನ್ನುವ ಪ್ರಶ್ನೆಗೆ ಎಫ್‌ಐಆರ್ ಉತ್ತರ ಅಲ್ಲ.

ಬೇರೆಯವರು ಏನು ಮಾಡಿದ್ದಾರೆ? ಚೀನಾ 2013ರ ಜುಲೈ 1ರಿಂದ ಮಕ್ಕಳು ಹಿರಿಯರನ್ನು ಆಗಾಗ ಭೇಟಿಯಾಗಬೇಕು ಅಂತ ಕಾನೂನನ್ನೇ ಜಾರಿಗೆ ತಂದಿತು. ವುಶಿ ನಗರದ ಕೋರ್ಟು, ಕನಿಷ್ಠ ಎರಡು ತಿಂಗಳಿಗೊಮ್ಮೆ ತಾಯಿಯನ್ನು ನೋಡಲೇಬೇಕು ಅಂತ ಮಗಳಿಗೆ ಆದೇಶಿಸಿತು. ನನಗೆ ಇದು ಒಪ್ಪಿಗೆ ಇಲ್ಲ. ಕೋರ್ಟಿನ ಭಯಕ್ಕೆ ಬಂದವರ ಮುಂದೆ ಕೂರುವುದೂ ಆ ತಾಯಿಗೆ ಅವಮಾನವೇ.

ಇಂಗ್ಲೆಂಡ್ ಹಿಡಿದದ್ದು ಉಲ್ಟಾ ದಾರಿ. ಕೋವಿಡ್ ಕಾಲದಲ್ಲಿ ಆರೈಕೆ ಕೇಂದ್ರಗಳ ಬಾಗಿಲು ಮುಚ್ಚಿ, ಹಿರಿಯರು ಮನೆಯವರ ಮುಖ ನೋಡದೆ ಸತ್ತರು. ಆ ಕುಟುಂಬಗಳು ಹೋರಾಟ ಮಾಡಿದವು. 2024ರ ಏಪ್ರಿಲ್ 6ರಿಂದ ಅಲ್ಲಿ ನಿಯಮ ಬಂತು: ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ ಭೇಟಿಗೆ ಅವಕಾಶ ಕೊಡಲೇಬೇಕು. ಅಂದರೆ ಹೊಣೆ ಮಕ್ಕಳ ಮೇಲಲ್ಲ, ಸಂಸ್ಥೆಯ ಮೇಲೆ. ಹಕ್ಕು ಒಳಗಿರುವ ಹಿರಿಯರದು.

ಕರ್ನಾಟಕ ಇದನ್ನು ಮಾಡಲು ದಿಲ್ಲಿಗೆ ಕಾಯಬೇಕಿಲ್ಲ. 2007ರ ಕಾಯ್ದೆ ತಿದ್ದುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, ಪಾಸಾಗದೆ 2024ರಲ್ಲಿ ಸದನದ ಜೊತೆಗೇ ಮುಗಿದು ಹೋಯಿತು. ಆದರೆ 19ನೇ ಕಲಂ "ಬಹುದು" ಅಂದದ್ದನ್ನು "ಮಾಡುತ್ತೇವೆ" ಅನ್ನಲು ರಾಜ್ಯಕ್ಕೆ ಅಡ್ಡಿ ಇಲ್ಲ. ಮೂರು ಕೆಲಸ ಸಾಕು. ಒಂದು, ಜಿಲ್ಲೆಗೊಂದು 150 ಮಂಚದ ಕಟ್ಟಡದ ಜೊತೆಗೆ ತಾಲೂಕಿಗೊಂದು 25 ಜನರ ಸಣ್ಣ ಮನೆ. ಒಂದೇ ಬಸ್ಸಿನಲ್ಲಿ ಹೋಗಿ ಬರುವಂತಿರಬೇಕು. ಎರಡು, ಎಲ್ಲ ಆಶ್ರಮಗಳಿಗೂ ಭೇಟಿಯ ನಿಯಮ: ವಾರದ ಏಳೂ ದಿನ, ಮುಂಗಡ ಫೋನ್ ಇಲ್ಲದೆ, ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ. ಮೂರು, ತಪಾಸಣೆಯ ವರದಿ ಗೋಡೆ ಮೇಲೆ, ಕನ್ನಡದಲ್ಲಿ. ಯಾರೂ ನೋಡಲು ಬರದವರನ್ನು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯೋ ಸ್ಥಳೀಯ ಕಾಲೇಜಿನ ಎನ್ನೆಸ್ಸೆಸ್ ಹುಡುಗರೋ ಮಾತಾಡಿಸಲಿ. ಆಶಾಗೆ ಅದಕ್ಕೆ ಪ್ರತ್ಯೇಕ ಗೌರವಧನ ಕೊಡಿ. ಇನ್ನೊಬ್ಬ ಹೆಂಗಸಿನ ಪುಕ್ಕಟೆ ದುಡಿಮೆ ಬೇಡ.

2011ರ ಜನಗಣತಿಯಲ್ಲೇ 60 ದಾಟಿದವರು ದೇಶದಲ್ಲಿ ಶೇ 8.6 ಇದ್ದರೆ ಕರ್ನಾಟಕದಲ್ಲಿ ಸುಮಾರು ಶೇ 9.5 ಇದ್ದರು. ಈಗ ಹೆದ್ದಾರಿ ಹಿಡಿದು ಪುಣೆಗೆ, ಬೆಂಗಳೂರಿಗೆ ಹೋಗಿರುವ ನಾವೇ ಮುಂದಿನ ಸಾಲಿನಲ್ಲಿ ಇರುವವರು. ಇದು ಅಜ್ಜ ಅಜ್ಜಿಯರ ವಿಷಯ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ.

ಕಳೆದ ಭೇಟಿಯಲ್ಲಿ ದೊಡ್ಡವ್ವನಿಗೆ ಹೇಳಿದೆ, "ಫಾರ್ಮ್ 8 ತುಂಬಿದ್ರ ನಿನ್ನ ಓಟು ಇಲ್ಲಿಗೇ ಬರ್ತೈತಿ. ಇಲ್ಲೇ ಹತ್ರದ ಸಾಲ್ಯಾಗ ಹಾಕಬಹುದು."

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬ್ಯಾಡ, ಅದು ಶಿಗ್ಗಾಂವದಾಗ ಇರ್ಲಿ. ಮುಂದಿನ ಸಲ ಕರಕೊಂಡು ಹೋಗ್ರಿ" ಅಂದಳು.

ಗಂಟೆ ಹನ್ನೆರಡಾಗಿತ್ತು. ಮ್ಯಾನೇಜರ್ ಎದ್ದು ನಿಂತರು.