ಬೀರುವಿನ ಕೀಲಿಕೈ ಯಾರ ಕೈಗೆ?

ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳೂ ಸಿಗಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂಬ ಲೆಕ್ಕವೂ ಅದೇ ಅನುಸೂಚಿಯಲ್ಲಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವ ಕಲಿಸಲು ಅರೆಕಾಲಿಕ ಬೋಧಕರು ಬೇಕೆಂದೂ ಅದು ಹೇಳುತ್ತದೆ. ಇಲ್ಲದ್ದು ಒಂದೇ: ಗ್ರಂಥಪಾಲಕರ ಹೆಸರು. ಸಮಗ್ರ ಶಿಕ್ಷಣ ಯೋಜನೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಕೊಡುತ್ತದೆ. ಅಂದರೆ ಪುಸ್ತಕಕ್ಕೆ ದುಡ್ಡಿದೆ, ಅದನ್ನು ಮಗುವಿನ ಕೈಗೆ ತಲುಪಿಸುವವರಿಗೆ ಹುದ್ದೆಯಿಲ್ಲ. ಈ ಹುದ್ದೆ ಸೃಷ್ಟಿಯಾಗಬೇಕು. ಅದಕ್ಕೆ ತಕ್ಕವರನ್ನು ತಯಾರು ಮಾಡುವ ಕೆಲಸವನ್ನು ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳು ವಹಿಸಿಕೊಳ್ಳಬೇಕು. ಆದರೆ ಅವು ಈಗ ಕಲಿಸುತ್ತಿರುವ ಪಠ್ಯಕ್ರಮವನ್ನು ಹಾಗೆಯೇ ಇಟ್ಟುಕೊಂಡು ಈ ಕೆಲಸ ಸಾಗದು.

ಇದು ಹೊಸ ಬೇಡಿಕೆಯೇನಲ್ಲ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952–53ರಲ್ಲೇ ಶಾಲಾ ಗ್ರಂಥಾಲಯಗಳ ಸ್ಥಿತಿ ಕಂಡು ಬೇಸರಪಟ್ಟಿತ್ತು. ಮಕ್ಕಳ ಅಭಿರುಚಿಗೆ ಹೊಂದದ ಹಳೆಯ ಪುಸ್ತಕಗಳು, ಇಕ್ಕಟ್ಟಾದ ಕೋಣೆ, ಆಸಕ್ತಿಯಿಲ್ಲದ ಗುಮಾಸ್ತ ಅಥವಾ ಶಿಕ್ಷಕರ ಉಸ್ತುವಾರಿ, ಇದು ಅದು ಕಂಡ ನೋಟ. ತರಬೇತಾದ ಗ್ರಂಥಪಾಲಕರು ಬೇಕು, ಅವರಿಗೆ ಹಿರಿಯ ಶಿಕ್ಷಕರಿಗೆ ಸಮನಾದ ಸ್ಥಾನ ಸಿಗಬೇಕು ಎಂದು ಆಯೋಗ ಬಯಸಿತ್ತು. ಎಪ್ಪತ್ತು ವರ್ಷ ಕಳೆದರೂ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಒಬ್ಬ ಶಿಕ್ಷಕರ ಹೆಗಲಿಗೆ ಬಿದ್ದ ಇನ್ನೊಂದು ಚಾರ್ಜ್. ಬಿಸಿಯೂಟ, ವಿದ್ಯಾರ್ಥಿವೇತನ, ಚುನಾವಣಾ ಕೆಲಸಗಳ ನಡುವೆ ಅದೂ ಒಂದು. ಪುಸ್ತಕ ಕಳೆದರೆ ದಾಸ್ತಾನು ವಹಿಗೆ ಸಹಿ ಹಾಕಿದವರು ಉತ್ತರ ಕೊಡಬೇಕು, ಪುಸ್ತಕ ಯಾರೂ ಓದದಿದ್ದರೆ ಯಾರೂ ಕೇಳುವುದಿಲ್ಲ. ಇಂಥ ಕಡೆ ಬೀರುವಿಗೆ ಬೀಗ ಬೀಳುವುದು ಸಹಜ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದಲ್ಲಿ ಬಳಕೆಯಾದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದೇ ಎಣಿಸುತ್ತವೆ. ಗ್ರಂಥಾಲಯ ವಿಜ್ಞಾನ ಓದಿದವರು ಇಂಥ ನಿಯಮದ ಬಲದಿಂದ ಬೀರು ತೆರೆದಿಡುತ್ತಾರೆ. ಚಾರ್ಜ್ ಹೊತ್ತ ಶಿಕ್ಷಕರು ಅದೇ ನಷ್ಟಕ್ಕೆ ಹೆದರಿ ಮುಚ್ಚಿಡುತ್ತಾರೆ.

ಹಾಗಾದರೆ ಇರುವ ಪದವೀಧರರನ್ನೇ ನೇಮಿಸಿದರೆ ಸಾಲದೇ? ಸಾಲದು. ಪದವಿಯ ನಂತರ ಒಂದು ವರ್ಷ ಓದುವ ಬಿ.ಲಿಬ್. ಕೋರ್ಸಿನಲ್ಲಿ ವರ್ಗೀಕರಣ, ಸೂಚೀಕರಣ, ಗ್ರಂಥಾಲಯ ಆಡಳಿತ, ಆಕರ ಸೇವೆ, ಮಾಹಿತಿ ತಂತ್ರಜ್ಞಾನಗಳದ್ದೇ ಮೇಲುಗೈ. ಶಾಲಾ ಗ್ರಂಥಾಲಯ ಸಾಮಾನ್ಯವಾಗಿ ‘ಗ್ರಂಥಾಲಯದ ಬಗೆಗಳು’ ಎಂಬ ಘಟಕದಲ್ಲಿ ಬಂದುಹೋಗುವ ಅತಿಥಿ. ವಿದ್ಯಾರ್ಥಿಗಳ ಕಣ್ಣೂ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ದಾಟಿ ಕಾಲೇಜಿನ ಹುದ್ದೆ ಸೇರುವುದರ ಮೇಲೆಯೇ. ಒಂದು ಉದಾಹರಣೆ ನೋಡಿ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ಕನ್ನಡ ಕಥೆಪುಸ್ತಕಗಳೇ ತುಂಬಿರುವ ಶಾಲೆಯಲ್ಲಿ ಆ ಸಂಖ್ಯೆ ಹಚ್ಚುತ್ತ ಹೋದರೆ ಅರ್ಧಕ್ಕರ್ಧ ಬೀರುವಿನ ಪುಸ್ತಕಗಳ ಬೆನ್ನ ಮೇಲೆ ಒಂದೇ ಸಂಖ್ಯೆ ಕಾಣುತ್ತದೆ. ಅಕ್ಷರ ಕೂಡಿಸಿ ಓದುವ ಮೂರನೇ ತರಗತಿಯ ಮಗುವಿಗೆ ಅದರಿಂದೇನು ಲಾಭ? ಆ ಮಗುವಿಗೆ ಬೇಕಾದದ್ದು ಓದಿನ ಮಟ್ಟದ ಪ್ರಕಾರ ಜೋಡಿಸಿದ ಕಪಾಟು. ಪಂಜೆ ಮಂಗೇಶರಾಯರನ್ನು ಯಾವಾಗ ಕೊಡಬೇಕು, ರಾಜರತ್ನಂ ಪದ್ಯವನ್ನು ಯಾವ ಮಗುವಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವ ಮಗು ಕನ್ನಡ ಪುಟದಲ್ಲಿ ಎಲ್ಲಿ ಎಡವುತ್ತದೆ ಎಂದು ಬಲ್ಲವರು ಆ ಮಗುವಿಗೆ ಬೇಕು.

ಆದ್ದರಿಂದ ಕೋರ್ಸನ್ನು ಗ್ರಂಥಾಲಯ ವಿಜ್ಞಾನ ವಿಭಾಗವೂ ಶಿಕ್ಷಣ ವಿಭಾಗವೂ ಕೂಡಿ ರೂಪಿಸಬೇಕು. ಮಕ್ಕಳ ಸಾಹಿತ್ಯ, ಓದು ಕಲಿಯುವ ಬಗೆ, ಮಾಹಿತಿಯ ನಿಜ-ಸುಳ್ಳು ತೂಗುವುದನ್ನು ಕಲಿಸುವ ವಿಧಾನ, ಜೊತೆಗೆ ಬಿ.ಇಡಿ. ಮಾದರಿಯಲ್ಲಿ ಶಾಲೆಯಲ್ಲೇ ಕಳೆಯುವ ತಿಂಗಳುಗಳು, ಇವು ಅದರ ತಿರುಳಾಗಬೇಕು. ಸೇವೆಯಲ್ಲಿರುವ ಶಿಕ್ಷಕರಿಗೆ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ, ರಜೆಯ ಸಂಪರ್ಕ ತರಗತಿಗಳೊಂದಿಗೆ, ಇದನ್ನೇ ಡಿಪ್ಲೊಮಾ ಆಗಿ ಕೊಡಬಹುದು. ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿಯನ್ನು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಈ ಊರಿಗೆ ಬಿಟ್ಟುಹೋದ ಪರಂಪರೆ ದೊಡ್ಡದು. ಅದರ ಫಲ ಸಂಶೋಧನಾ ಸಂಸ್ಥೆಗಳಿಗೆ ತಲುಪಿದಷ್ಟು ಶಾಲೆಗಳಿಗೆ ತಲುಪಿಲ್ಲ.

ತರಬೇತಾದ ಗ್ರಂಥಪಾಲಕರಿಂದ ಕಲಿಕೆ ನಿಜಕ್ಕೂ ಹೆಚ್ಚುತ್ತದೆಯೇ? ಅಮೆರಿಕದ ಕೊಲೊರಾಡೊದಲ್ಲಿ ಕೀತ್ ಕರಿ ಲಾನ್ಸ್ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನ, ಕುಟುಂಬಗಳ ಆರ್ಥಿಕ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಸಿಬ್ಬಂದಿ ಮತ್ತು ಸಂಗ್ರಹ ಚೆನ್ನಾಗಿರುವ ಶಾಲೆಗಳಲ್ಲಿ ಓದಿನ ಅಂಕಗಳು ಮೇಲಿರುವುದನ್ನು ಕಂಡಿತು. ನಂತರ ಬೇರೆ ಹಲವು ರಾಜ್ಯಗಳಲ್ಲೂ ಇಂಥದೇ ಅಧ್ಯಯನಗಳು ನಡೆದವು. ಇವು ಸಂಬಂಧ ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಮ್ಮ ಶಾಲೆಗಳ ಸ್ಥಿತಿಯೂ ಬೇರೆ. ನಮಗೆ ಹತ್ತಿರದ ಪಾಠ ಜಪಾನಿನದು. ಶಿಕ್ಷಕ-ಗ್ರಂಥಪಾಲಕರು ಬೇಕೆಂದು ಅಲ್ಲಿನ 1953ರ ಶಾಲಾ ಗ್ರಂಥಾಲಯ ಕಾನೂನು ಹೇಳಿತು, ಆದರೆ ‘ಸದ್ಯಕ್ಕೆ ಇಲ್ಲದಿದ್ದರೂ ನಡೆಯುತ್ತದೆ’ ಎಂಬ ವಿನಾಯಿತಿಯನ್ನೂ ಕೊಟ್ಟಿತು. ಆ ‘ಸದ್ಯ’ ಅರ್ಧ ಶತಮಾನ ಎಳೆಯಿತು. 1997ರ ತಿದ್ದುಪಡಿಯ ಫಲವಾಗಿ, 12 ಅಥವಾ ಹೆಚ್ಚು ತರಗತಿಗಳಿರುವ ಶಾಲೆಗಳಿಗೆ ಅದು ಕಡ್ಡಾಯವಾದದ್ದು 2003ರಲ್ಲಿ. ಆಮೇಲೂ ಶಿಕ್ಷಕ-ಗ್ರಂಥಪಾಲಕರು ಪಾಠ ಮಾಡುತ್ತಲೇ ಗ್ರಂಥಾಲಯ ನೋಡಿಕೊಳ್ಳಬೇಕಾಗಿದ್ದರಿಂದ, 2014ರಲ್ಲಿ ಪ್ರತ್ಯೇಕ ಶಾಲಾ ಗ್ರಂಥಾಲಯ ಸಿಬ್ಬಂದಿಯನ್ನು ಕಾನೂನಿಗೆ ಸೇರಿಸಬೇಕಾಯಿತು. ಪ್ರಮಾಣಪತ್ರ ಕೊಟ್ಟು ಸಮಯ ಕೊಡದಿದ್ದರೆ ತರಬೇತಿ ವ್ಯರ್ಥ.

‘ಓದುವ ಹಂಬಲವಿರುವ ಶಿಕ್ಷಕರೇ ಸಾಕು, ಪದವಿ ಏಕೆ?’ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಹಂಬಲವಿಲ್ಲದ ಪದವಿ ಬೀಗವನ್ನಷ್ಟೇ ಭದ್ರಪಡಿಸೀತು. ಆದರೆ ರಂಗನಾಥನ್ ಅವರೇ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೂ ಈ ವಿದ್ಯೆ ಹೊಸದು. ಲಂಡನ್ನಿಗೆ ಹೋಗಿ ಕಲಿತು ಬಂದರು. ಸ್ವಯಂಸೇವಾ ಸಂಸ್ಥೆಗಳ ಅಲ್ಪಾವಧಿ ಕೋರ್ಸುಗಳೂ ಉಪಯುಕ್ತವೇ. ಆದರೆ ನೇಮಕಾತಿ ನಿಯಮ, ವೇತನ, ಬಡ್ತಿ ಅಂಟಿಕೊಳ್ಳುವುದು ವಿಶ್ವವಿದ್ಯಾಲಯದ ಪದವಿಗೆ. ಕೈಯಲ್ಲಿ ಮೊಬೈಲ್ ಇರುವಾಗ ಗ್ರಂಥಾಲಯ ಏಕೆ ಎನ್ನುವವರಿದ್ದಾರೆ. ಬಂದ ಸಂದೇಶವನ್ನೆಲ್ಲ ನಂಬುವ ಕಾಲದಲ್ಲಿ ಯಾವುದನ್ನು ನಂಬಬಾರದು ಎಂದು ಕಲಿಸುವವರ ಅಗತ್ಯ ಹೆಚ್ಚಾಗಿದೆ, ಕಡಿಮೆಯಾಗಿಲ್ಲ.

ಕಠಿಣ ಪ್ರಶ್ನೆ ಖರ್ಚಿನದು. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ಇಪ್ಪತ್ತು ಮಕ್ಕಳ ಶಾಲೆಗೆ ಒಬ್ಬ ಗ್ರಂಥಪಾಲಕರನ್ನು ಕೇಳುವುದು ನ್ಯಾಯವಲ್ಲ. ಮೊದಲು ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಪೂರ್ಣಾವಧಿ ಹುದ್ದೆ ಕೊಡಲಿ. ಸಣ್ಣ ಶಾಲೆಗಳಿಗೆ ಕ್ಲಸ್ಟರಿಗೊಬ್ಬರು ವಾರದ ದಿನ ಹಂಚಿಕೊಂಡು ಹೋಗಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಅವರಿಗೆ ಜೊತೆಯಾಗಲಿ. ಕೇಂದ್ರೀಯ ವಿದ್ಯಾಲಯಗಳು ಗ್ರಂಥಾಲಯ ವಿಜ್ಞಾನ ಓದಿದವರನ್ನು ಪದವೀಧರ ಶಿಕ್ಷಕರ ವೇತನ ಶ್ರೇಣಿಯಲ್ಲೇ ನೇಮಿಸುತ್ತಿವೆ, ಆದ್ದರಿಂದ ಇದು ಆಗದ ಮಾತಲ್ಲ. ಹುದ್ದೆಯಿಲ್ಲದೆ ವಿದ್ಯಾರ್ಥಿಗಳು ಬರುವುದಿಲ್ಲ ಎಂದು ವಿಶ್ವವಿದ್ಯಾಲಯ ಕಾಯುತ್ತದೆ, ತಕ್ಕವರಿಲ್ಲದೆ ಹುದ್ದೆ ಏಕೆ ಎಂದು ಸರ್ಕಾರ ಕಾಯುತ್ತದೆ. ಈ ಕಾಯುವಿಕೆಯನ್ನು ಮುರಿಯಬೇಕಾದದ್ದು ಸರ್ಕಾರವೇ. ಮುಂದಿನ ವರ್ಷದ ಅನುದಾನದ ಪುಸ್ತಕಗಳು ಹೇಗೂ ಬರುತ್ತವೆ. ಅವನ್ನು ಇಳಿಸಿಕೊಂಡು, ಬಿಚ್ಚಿ, ಇದು ನಿನಗೆ ಎಂದು ಮಗುವಿಗೆ ಕೊಡುವವರ ನೇಮಕಾತಿ ಆದೇಶವೂ ಅದೇ ಬಜೆಟ್ಟಿನಲ್ಲಿ ಬರಲಿ.