ಏಟು ಬೀಳುವ ಮೊದಲು ಕೇಳಬೇಕಾದ್ದು

ಬೆಳಗಿನ ಲೋಕಲ್‌ನಲ್ಲಿ ನಿಂತೇ ಮುಂಬೈಗೆ ಹೋಗಿ, ರಾತ್ರಿ ಎಂಟೂವರೆಗೆ ಡೊಂಬಿವಲಿಯ ಮನೆ ಸೇರುವ ತಂದೆಗೆ ಮಕ್ಕಳ ಜೊತೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಹೋಮ್‌ವರ್ಕ್, ಊಟ, ಮೊಬೈಲಿನ ಜಗಳ ಎಲ್ಲ ಆ ಒಂದು ಗಂಟೆಯಲ್ಲೇ. ಏಟು ಬೀಳುವುದೂ ಆಗಲೇ. “ನಾವೂ ಅಪ್ಪನ ಕೈಲಿ ತಿಂದೇ ಬೆಳೆದವರು, ಈಗೇನಾಗಿದೆ?” ಎಂಬ ಸಮಜಾಯಿಷಿ ಉಡುಪಿ ಕಡೆಯಿಂದ ಬಂದವರ ಮನೆಯಲ್ಲೂ ಪಕ್ಕದ ಮರಾಠಿ ಮನೆಯಲ್ಲೂ ಒಂದೇ.

ಈ ಸಮಜಾಯಿಷಿಯನ್ನೇ ಅಳೆಯುವ ಪ್ರಶ್ನಾವಳಿಗಳಿವೆ. ಅಮೆರಿಕದ ಸ್ಟೀಫನ್ ಬಾವೊಲೆಕ್ ರೂಪಿಸಿದ್ದು ಅವುಗಳಲ್ಲಿ ಹೆಸರಾದದ್ದು. ಮಗುವಿಗೆ ಹೊಡೆದಿದ್ದೀರಾ ಎಂದು ಅದು ಕೇಳುವುದಿಲ್ಲ. ಕೇಳಿದರೆ ಹೌದೆನ್ನುವವರು ಯಾರು? ಅದು ಕೇಳುವುದು ನಂಬಿಕೆಯನ್ನು. ವಯಸ್ಸಿಗೆ ಮೀರಿದ ನಿರೀಕ್ಷೆ, ಮಗುವಿನ ನೋವು ಅರಿಯದಿರುವುದು, ಏಟಿನ ಮೇಲಿನ ವಿಶ್ವಾಸ, ದೊಡ್ಡವರ ಭಾರವನ್ನು ಮಗುವಿನ ಮೇಲೆ ಹೊರಿಸುವುದು, ಅದಕ್ಕೆ ಸ್ವಂತ ಮನಸ್ಸೇ ಇರಬಾರದೆನ್ನುವುದು – ಈ ಐದರಲ್ಲಿ ಒಲವು ಎತ್ತ ಇದೆ ಎಂದು ನೋಡಿ ಅಪಾಯವನ್ನು ಅಂದಾಜು ಮಾಡುತ್ತದೆ.

ಇಂಥದ್ದು ಇಲ್ಲಿ ಬೇಕೇ? ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನ ಮಹಾರಾಷ್ಟ್ರವೂ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ಮನೆಯೊಳಗೆ ಹಿಂಸೆ ಅನುಭವಿಸಿದವರ ಪೈಕಿ ಶೇ. 88.6 ಮಕ್ಕಳಿಗೆ ಹೊಡೆದವರು ಹೆತ್ತವರೇ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಮನೆಯ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಇದೆ, 1098 ಸಹಾಯವಾಣಿಯೂ ಇದೆ. ಆದರೆ ಎರಡೂ ಎಚ್ಚರಗೊಳ್ಳುವುದು ಏಟು ಬಿದ್ದ ಮೇಲೆ. ವಿಚಿತ್ರವೆಂದರೆ, ದತ್ತು ಪಡೆಯುವವರ ಮನೆಗೆ ಮಾತ್ರ ಸಮಾಜ ಕಾರ್ಯಕರ್ತರು ಮೊದಲೇ ಹೋಗಿ, ಮಗುವನ್ನು ಹೇಗೆ ಬೆಳೆಸುತ್ತೀರಿ ಎಂದು ವಿಚಾರಿಸಿ ವರದಿ ಬರೆಯುತ್ತಾರೆ. ಹೆತ್ತವರನ್ನು ಯಾರೂ ಏನೂ ಕೇಳುವುದಿಲ್ಲ.

ಹಾಗೆಂದು ಅಮೆರಿಕದ ಹಾಳೆಯನ್ನು ಅನುವಾದಿಸಿ ಹಂಚಿದರೆ ಎಡವಟ್ಟಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ರೈಲಿನಲ್ಲಿರುವಾಗ ಹನ್ನೆರಡರ ಅಕ್ಕ ತಮ್ಮನಿಗೆ ಅನ್ನ ಬಿಸಿ ಮಾಡಿ ಬಡಿಸುತ್ತಾಳೆ. ಅದು ಹೊರಿಸಿದ ಭಾರವೋ, ಮನೆಯ ರೂಢಿಯೋ? ಅಂಕ ಕೊಡುವವರಿಗೆ ಲೋಕಲ್ ರೈಲಿನ ವೇಳಾಪಟ್ಟಿ ಗೊತ್ತಿರಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. “ಏಟಿಲ್ಲದೆ ಮಕ್ಕಳು ದಾರಿಗೆ ಬರುವುದಿಲ್ಲ” ಎನ್ನುವವರೆಲ್ಲ ಹಿಂಸಕರಲ್ಲ, ಹಾಗೆ ಎಂದೂ ಅನ್ನದವರ ಮನೆಗಳೆಲ್ಲ ಸುರಕ್ಷಿತವೂ ಅಲ್ಲ. ಅಂಕ ನೋಡಿ ತಪ್ಪಿತಸ್ಥರನ್ನು ಗುರುತಿಸ ಹೊರಟರೆ ಜನ ಕಲಿಯುವುದು ಸರಿಯಾದ ಉತ್ತರ ಹೇಳುವುದನ್ನು, ಅಷ್ಟೇ.

ಆದ್ದರಿಂದ ಈ ಪ್ರಶ್ನೆಗಳು ಬರಬೇಕಾದ್ದು ಪೊಲೀಸರ ಕೈಯಿಂದಲ್ಲ, ಲಸಿಕೆ ಹಾಕುವ ನರ್ಸಮ್ಮನ ಬಾಯಿಂದ. ನಲವತ್ತೂ ಬೇಡ, ನಾಲ್ಕೈದು ಸಾಕು. ಎರಡು ವರ್ಷದ ಮಗು ಹೇಳಿದ ಕೂಡಲೇ ಅಳು ನಿಲ್ಲಿಸಬೇಕೇ ಎಂದು ಕೇಳಿ, ಹೌದು ಎಂದ ತಾಯಿಗೆ ಆ ವಯಸ್ಸಿನ ಮಗುವಿಗೆ ಅದು ಯಾಕೆ ಆಗದೆಂದು ಅಲ್ಲೇ ಕೂತು ಹೇಳಲು ಹತ್ತು ನಿಮಿಷ ಬೇಕು. ಲಸಿಕೆಯ ದಿನ ಹೊರಗೆ ಸರತಿ ನಿಂತಿರುವಾಗ ನರ್ಸಮ್ಮನಿಗೆ ಆ ಹತ್ತು ನಿಮಿಷ ಒದಗಿಸಿಕೊಡಬೇಕಾದದ್ದು ಮಹಾನಗರಪಾಲಿಕೆ.